ಹಾಲು ಮುಚ್ಚು, ಬೆಕ್ಕು ಬರುತ್ತೆ

ಪ್ರೇಮವಾಣಿಯಂತೆ, ಪ್ರೇಮವಾಣಿ! ನನ್ನ ತಮ್ಮ ಮರಿದೇವ ಸಾಯೋ ಹೊತ್ತಲ್ಲಿ ಹೆಂಡತಿಗೆ ಹೇಳಿದ್ದು ‘ಹಾಲು ಮುಚ್ಚು, ಬೆಕ್ಕು ಬರುತ್ತೆ’ ಅಂತ. ಹೇಳಿದ, ಗೋಡೆ ಕಡೆ ಹೊರಳಿದ, ಹೋದ. ಅದರಲ್ಲಿ ಪ್ರೇಮ ಎಲ್ಲಿಂದ ಬಂತು, ವಾಣಿ ಎಲ್ಲಿಂದ ಬಂತು? ಆದರೆ ಫೋನಿನಲ್ಲಿ, ಹರಾಜುಕಟ್ಟೆ ಅನ್ನೋ ಆ ಆ್ಯಪಿನಲ್ಲಿ, ಅವನ ಕಾಸಿನ ಚಿತ್ರದ ಕೆಳಗೆ ಯಾವನೋ ಬರೆದಿದ್ದ: ‘ಅಪರೂಪದಲ್ಲಿ ಅಪರೂಪ! ಮಾತಾಡುವ ಅಂಗೈಕಾಸು. ಅಗಲಿದ ಪತಿ ತನ್ನ ಪ್ರಿಯ ಪತ್ನಿಗೆ ಹಾಲು ಮತ್ತು ಬೆಕ್ಕಿನ ರೂಪಕದಲ್ಲಿ ನುಡಿದ ಅಂತಿಮ ಪ್ರೇಮವಾಣಿ. ಜಗತ್ತಿನಲ್ಲಿ ಒಂದೇ ಒಂದು. ಟಂಕಸಾಲೆಯಿಂದ ಈಗ ತಾನೇ ಬಂದಂಥ ಹೊಳಪು. ಪ್ರಮಾಣಪತ್ರ ಸಹಿತ. ಕೇಳಿಸದಿದ್ದರೆ ಮಾರಿದವರು ಹೊಣೆಯಲ್ಲ. ವಾಪಸ್ ಇಲ್ಲ.’ ಓದುತ್ತಿದ್ದ ಹಾಗೇ ನನ್ನ ಮೈಯೆಲ್ಲಾ ಉರಿದುಹೋಯಿತು.

ನಾನು ಮಿಲ್ಲಿನ ಚಿಕ್ಕತಾಯಮ್ಮ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹಿಟ್ಟಿನ ಮಿಲ್ಲು ನಡೆಸ್ತೀನಿ. ಇಡೀ ದಿನ ಆ ಗದ್ದಲದಲ್ಲೇ ಮಾತಾಡಿ ಮಾತಾಡಿ ನನ್ನ ಗಂಟಲು ಹೀಗಾಗಿದೆ; ನಾನು ಮೆಲ್ಲಗೆ ಹೇಳಿದ್ದೂ ಬೈದ ಹಾಗೆ ಕೇಳುತ್ತೆ ಅಂತಾರೆ. ನಿಜವಾಗಿ ಬೈದರೆ ಹೇಗೆ ಕೇಳುತ್ತೆ ಅನ್ನೋದು ಧರಣೇಶನಿಗೆ ಗೊತ್ತು. ಅವನ ವಿಷಯಕ್ಕೆ ಬರ್ತೀನಿ, ತಡೀರಿ.

ನಮ್ಮೂರಲ್ಲಿ ಯಾರಾದರೂ ಉಸಿರು ಬಿಟ್ಟ ತಕ್ಷಣ ಅವರ ಅಂಗೈಯಲ್ಲಿ ಹಳೇ ದಪ್ಪ ರೂಪಾಯಿ ಒಂದನ್ನಿಟ್ಟು ಮುಷ್ಟಿ ಮುಚ್ಚುತ್ತಾರೆ. ಕೊನೆಗೆ ಆಡಿದ ಮಾತು ಅದರೊಳಗೆ ಉಳಿಯುತ್ತೆ. ಕಿವಿಗೆ ಹಿಡಿದರೆ ಕೇಳುತ್ತೆ, ಆದರೆ ಸತ್ತವರ ಜೊತೆ ಒಂದೇ ಮಡಕೆಯ ಅನ್ನ ಉಂಡವರಿಗೆ ಮಾತ್ರ. ಬೇರೆಯವರಿಗೆ ಅದು ಬರೀ ರೂಪಾಯಿ. ಕೈಯಲ್ಲಿಡೋಕೆ ಮುಂಚೆ ಸತ್ತವರ ಅಕ್ಕನೋ ತಂಗಿಯೋ ಅದರ ಅಂಚನ್ನ ಹೊಸ್ತಿಲ ಕಲ್ಲಿಗೆ ಉಜ್ಜಿ ಒಂದು ಕಡೆ ಚಪ್ಪಟೆ ಮಾಡಬೇಕು, ಯಾರೂ ಮರೆತು ಸಂತೆಗೆ ತಗೊಂಡು ಹೋಗದಿರಲಿ ಅಂತ. ಮರಿದೇವನ ಕಾಸನ್ನ ಉಜ್ಜಿದವಳು ನಾನು. ಅಳುತ್ತಾ ಉಜ್ಜಿದೆ, ಉಜ್ಜುತ್ತಾನೇ ಇದ್ದೆ. ಕಿರುಬೆರಳ ಉಗುರಿನಷ್ಟು ಅಗಲ ಸವೆದು ಒಂದು ಪಕ್ಕಕ್ಕೆ ಓರೆಯಾದ ಮೇಲೆ ಯಾರೋ ನನ್ನ ಕೈಯಿಂದ ಕಿತ್ತುಕೊಂಡರು. ಇನ್ನೊಂದು ಮಾತು, ಅಂಗೈಕಾಸನ್ನ ಹುಳಿ ಹಾಕಿ ತೊಳೆಯಬಾರದು. ಹುಳಿ ತಾಕಿದರೆ ಮಾತು ಹೋಯ್ತು, ಮತ್ತೆ ಬರೋದಿಲ್ಲ. ಅದಕ್ಕೇ ನಮ್ಮೂರ ಮನೆಗಳಲ್ಲಿ ಅಂಗೈಕಾಸುಗಳೆಲ್ಲ ಕರ್ರಗೆ ಬಾಣಲೆ ತಳದ ಹಾಗಿರುತ್ತವೆ.

ಒಳಗೆ ದೊಡ್ಡ ದೊಡ್ಡ ಮಾತೇನೂ ಇರೋದಿಲ್ಲ. ನಮ್ಮ ಯಜಮಾನರ ಕಾಸು ‘ಬೆಲ್ಟು ಸಡಿಲಾಗಿದೆ ನೋಡು’ ಅನ್ನುತ್ತೆ. ಮೇಲಿನ ಬೀದಿಯ ಮೇಷ್ಟ್ರೊಬ್ಬರು ಹಾಸಿಗೆ ಹಿಡಿದಾಗಿನಿಂದ ಘಳಿಗೆಗೊಂದು ಸಲ ‘ಎಲ್ಲರಿಗೂ ಒಳ್ಳೇದಾಗಲಿ’ ಅಂತಿದ್ದರು, ಕಾಸಿನಲ್ಲಿ ಒಳ್ಳೆ ಮಾತು ಉಳೀಲಿ ಅಂತ. ಕೊನೆಗೆ ‘ಸಾರಿಗೆ ಉಪ್ಪೇ ಇಲ್ಲವಲ್ಲೇ’ ಅಂದು ಕಣ್ಣು ಮುಚ್ಚಿದರು. ಮನೆಯವರು ಈಗಲೂ ಅದನ್ನೇ ಕೇಳಿ ನಗ್ತಾರೆ, ಅಳ್ತಾರೆ. ಮರಿದೇವನ ಹೆಂಡತಿ ಲೋಲಾಕ್ಷಿ ಎರಡು ಹಸು ಕಟ್ಟಿಕೊಂಡು ಮನೆಮನೆಗೆ ಹಾಲು ಹಾಕಿ ಬದುಕೋಳು. ದಿನಾ ಬೆಳಗ್ಗೆ ಹಾಲು ಕಾಯಿಸಿ ಇಳಿಸಿ ಕಾಸನ್ನ ಕಿವಿಗೆ ಹಿಡೀತಿದ್ದಳು. ಅವನು ಹೇಳ್ತಿದ್ದ, ಇವಳು ‘ಮುಚ್ಚಿದೆ ಕಣ್ರೀ’ ಅಂತಿದ್ದಳು. ಮಗಳು ಚಂಪಾ ಹುಟ್ಟಿದ್ದು ಅಪ್ಪ ಹೋದ ಮೇಲೆ. ಹೊಟ್ಟೆಯೊಳಗಿದ್ದು ಉಂಡದ್ದು ಲೆಕ್ಕಕ್ಕೆ ಬರಲಿಲ್ಲ. ಅವಳು ಎಷ್ಟು ಸಲ ಕಿವಿಗೆ ಒತ್ತಿಕೊಂಡರೂ ಅವಳಿಗೆ ಅದು ಬರೀ ರೂಪಾಯಿಯೇ ಆಗಿತ್ತು.

ಈಗ ಧರಣೇಶ. ಬಸ್‌ಸ್ಟ್ಯಾಂಡ್ ಮುಂದೆ ಫೋನ್ ರಿಪೇರಿ ಅಂಗಡಿ ಇಟ್ಕೊಂಡಿರೋನು, ನಮ್ಮೂರೋನೇ. ಹೋದ ವರ್ಷ ಮೈಕ್ ಹಿಡ್ಕೊಂಡು ಬಂದ. ಹೊರಗಡೆ ಊರುಗಳಲ್ಲಿ ನಾಣ್ಯ ಕೂಡಿಡೋ ಹುಚ್ಚಿನವರು ಬೇಕಾದಷ್ಟು ಇದ್ದಾರೆ, ನಮ್ಮ ಅಂಗೈಕಾಸಿಗೆ ಬೆಲೆ ಬಂದಿದೆ, ಕಳ್ಳತನ ಆದೀತು, ಎಲ್ಲದಕ್ಕೂ ಫೋಟೋ ಹಿಡಿದು ಪ್ರಮಾಣಪತ್ರ ಮಾಡಿಕೊಡ್ತೀನಿ, ಪೂರ್ತಿ ಬಿಟ್ಟಿ, ಒಂದು ದಿನ ನನ್ನ ಹತ್ರ ಬಿಟ್ಟಿರಿ ಅಂದ. ಯಾವ ಕಾಸು ಏನು ಹೇಳುತ್ತೆ ಅಂತಲೂ ಕೇಳಿಕೊಂಡ. ಜನ ಸಾಲು ನಿಂತು ಕೊಟ್ಟರು. ನನ್ನ ಮಿಲ್ಲಿನಲ್ಲಿ ಅವತ್ತು ರಾಗಿ ರಾಶಿ ಬಿದ್ದಿತ್ತು, ಹೋಗೋಕೆ ಪುರುಸೊತ್ತಾಗಲಿಲ್ಲ. ನಮ್ಮ ಯಜಮಾನರು ಬಚಾವಾದರು. ಊರಿಗೆ ಉಪಕಾರ ಮಾಡಿದ ಅಂತ ಮಹಿಳಾ ಸಂಘದಿಂದ ಅವನಿಗೆ ಸನ್ಮಾನ ಬೇರೆ. ಶಾಲು ಆರಿಸಿದವಳು ನಾನೇ, ನೇರಳೆ ಬಣ್ಣದ್ದು, ಅಂಚಿನಲ್ಲಿ ಹಸಿರು ಗಿಳಿಸಾಲು. ಹೊದಿಸಿದಾಗ ಕೈ ಮುಗಿದು ಕಣ್ಣೀರು ಹಾಕಿದ್ದ, ನಾಟಕದೋನು.

ಲೋಲಾಕ್ಷಿ ಫೋನ್ ಹಿಡ್ಕೊಂಡು ಬಂದಿದ್ದು ಬೆಳಗಿನ ಹೊತ್ತು. ಮಿಲ್ಲು ನಿಲ್ಲಿಸಿ ಅಂತ ಕೈಸನ್ನೆ ಮಾಡಿದಳು. ನಿಲ್ಲಿಸಿದೆ. ‘ಅಕ್ಕ, ನಿಮ್ಮ ತಮ್ಮ ಮನೆ ಬಿಟ್ಟು ಹೋಗಿದ್ದಾರೆ’ ಅಂದಳು.

‘ಸತ್ತೋನು ಇನ್ನೆಲ್ಲಿಗೆ ಹೋಗ್ತಾನೆ ಕಣೇ? ತಲೆ ಸರಿಯಾಗಿದೆಯಾ?’

ಆಗ ಬಾಯಿ ಬಿಟ್ಟಳು. ಪ್ರಮಾಣಪತ್ರ ಬಂದ ದಿನದಿಂದ ಕಾಸು ಮಾತಾಡಿಲ್ಲವಂತೆ. ಮಾತಿಲ್ಲದ ಕಾಸು ಅಂದರೆ ಸತ್ತವರು ಮುನಿಸಿಕೊಂಡಿದ್ದಾರೆ, ಮನೆಯವರು ಏನೋ ತಪ್ಪು ಮಾಡಿದ್ದಾರೆ, ಹಾಗಂತ ನಮ್ಮ ಜನ ಹಿಂದಿನಿಂದ ನಂಬಿಕೊಂಡು ಬಂದಿದ್ದಾರೆ. ಅದು ಮರ್ಯಾದೆಯ ವಿಷಯ, ಯಾರೂ ಹೊರಗೆ ಹೇಳಲ್ಲ. ಗಂಡನನ್ನ ಕೇಳದೆ ಕರು ಮಾರಿಬಿಟ್ಟೆ, ಅದಕ್ಕೇ ಕೋಪ ಅಂದುಕೊಂಡಿದ್ದಳು ಇವಳು. ಕಾಸಿನ ಮುಂದೆ ಕೂತು ತಪ್ಪಾಯ್ತು ತಪ್ಪಾಯ್ತು ಅಂದಿದ್ದಾಳೆ, ಇಷ್ಟು ದಿನ! ನಾಲ್ಕು ದಿನದ ಹಿಂದೆ ಆ್ಯಪಿನಲ್ಲಿ ಅವನ ಮಾತು ಕಂಡು, ತಾನೂ ಕೂಗು ಹಾಕೋಕೆ ಶುರು ಮಾಡಿದ್ದಾಳೆ. ‘ನನ್ನ ಮೇಲಿನ ಸಿಟ್ಟಿಗೆ ಈ ಕಾಸು ಬಿಟ್ಟು ಆ ಕಾಸಿಗೆ ಹೋಗಿ ಸೇರ್ಕೊಂಡಿದ್ದಾರೆ ಅಕ್ಕ. ಎಷ್ಟಾದರೂ ಆಗಲಿ, ಕರ್ಕೊಂಡು ಬರ್ತೀನಿ’ ಅಂದಳು.

ಎಷ್ಟಾದರೂ ಅಂದರೆ ಎಷ್ಟು? ಹರಾಜು ಅವತ್ತೇ ಸಂಜೆ ಮುಗಿಯೋದಿತ್ತು. ಕೂಗು ಎಂಬತ್ತು ಸಾವಿರ ದಾಟಿತ್ತು. ಅವಳು ಎರಡು ಹಸುವನ್ನೂ ಮಾರೋಕೆ ಮಾತಾಡಿ ಆಗಿತ್ತು, ಮಧ್ಯಾಹ್ನ ದಲ್ಲಾಳಿ ಬಂದು ಹೊಡ್ಕೊಂಡು ಹೋಗ್ತಾನೆ. ಹಸು ಹೋದ ಮೇಲೆ ತಾಯಿ ಮಗಳು ಏನು ತಿಂತಾರೆ? ಒಂದು ರೂಪಾಯಿಯ ಕಾಸು ಕಣ್ರೀ ಅದು, ಒಂದು ಬಾಳೆಹಣ್ಣೂ ಬರಲ್ಲ ಅದಕ್ಕೆ!

‘ಮನೇಲಿರೋ ಕಾಸು ಕೊಡು ಇಲ್ಲಿ’ ಅಂದೆ. ಸೆರಗಿನ ಗಂಟಿನಿಂದ ತೆಗೆದು ಕೊಟ್ಟಳು. ಹೆಬ್ಬೆಟ್ಟಿನಿಂದ ಅಂಚು ಸವರಿದೆ. ನುಣ್ಣಗೆ, ನೇರವಾಗಿ, ಮಿಷನ್ನಿಗೆ ಕೊಟ್ಟ ಹಾಗಿತ್ತು. ‘ಇದು ನಾನು ಉಜ್ಜಿದ್ದಲ್ಲ. ಇದು ನನ್ನ ತಮ್ಮನ ಕಾಸೇ ಅಲ್ಲ. ಬದಲಾಯಿಸಿ ಕೊಟ್ಟಿದ್ದಾನೆ ಕಳ್ಳ!’

ಅವಳು ನಂಬಲಿಲ್ಲ. ಕನ್ನಡಕ ಹಾಕ್ಕೊಂಡು ಅವಳ ಫೋನನ್ನ ಕೈಗೆ ತಗೊಂಡೆ. ಕಾಸಿನ ಎರಡೂ ಮುಖದ ಚಿತ್ರ ಹಾಕಿದ್ದಾನೆ, ಅಂಚಿನದು ಒಂದೂ ಇಲ್ಲ. ಅಂಗೈಕಾಸಿಗೆ ಅಂಚೇ ಅಲ್ಲವೇನ್ರೀ ಗುರುತು? ಪ್ರಮಾಣಪತ್ರ ಕೊಟ್ಟೋರು ಯಾರು ಅಂತ ನೋಡಿದರೆ ಮಾರೋನೇ. ತನ್ನ ಮಗಳ ಜಾತಕಕ್ಕೆ ತಾನೇ ಜೋಯಿಸ! ಬೇರೆ ಕಾಸುಗಳನ್ನ ನೋಡಿದೆ; ಬೇರೆ ಹೆಸರಿನ ಮಾರಾಟಗಾರ, ಬೇರೆ ಊರು, ಆದರೆ ಎಲ್ಲಾ ಚಿತ್ರಗಳ ಮೂಲೆಯಲ್ಲೂ ನೇರಳೆ ಬಟ್ಟೆ. ಒಂದರಲ್ಲಿ ಅಂಚಿನ ಹಸಿರು ಗಿಳಿ ಇಣುಕಿ ನೋಡ್ತಿತ್ತು. ನಾನು ಆರಿಸಿದ ಶಾಲು! ಆಮೇಲೆ ಕೂಗು ಹಾಕಿದವರನ್ನ ನೋಡಿದೆ. ಕಲಾರಸಿಕ ಅಂತ ಒಬ್ಬ, ಇತಿಹಾಸಪ್ರಿಯ ಅಂತ ಇನ್ನೊಬ್ಬ. ಲೋಲಾಕ್ಷಿ ಸುಮ್ಮನಿದ್ದರೆ ಇಬ್ಬರೂ ಸುಮ್ಮನೆ. ಅವಳು ಕೂಗಿದರೆ ಸಾಕು, ಹಿಂದೆಯೇ ಇಬ್ಬರೂ ಏರಿಸ್ತಾರೆ. ಧರಣೇಶ ಅಂಗಡಿ ಬಾಗಿಲು ಹಾಕ್ಕೊಂಡು ಊಟಕ್ಕೆ ಹೋಗೋ ಹೊತ್ತಿನಲ್ಲಿ ಮಾತ್ರ ಅವರಿಬ್ಬರಿಗೂ ಹಸಿವಾಗುತ್ತೆ ಅಂತ ಕಾಣುತ್ತೆ, ದಿನಾ ಆ ಹೊತ್ತಿಗೆ ಒಂದು ಕೂಗೂ ಇಲ್ಲ.

‘ನೋಡೇ, ಹೊಳೀತಿದೆ ಅದು! ಹೊಳೆಯೋ ಅಂಗೈಕಾಸನ್ನ ಎಲ್ಲಾದರೂ ಕಂಡಿದ್ದೀಯಾ? ಅವನದಲ್ಲದಿದ್ದರೆ ಮೋಸ. ಅವನದೇ ಆಗಿದ್ದರೆ ಹುಳಿ ಹಾಕಿ ತೊಳೆದಿದ್ದಾರೆ. ಎರಡರಲ್ಲಿ ಯಾವುದಾದರೂ ಮಾತು ಇರೋದಿಲ್ಲ. ಹಸು ಮಾರಬೇಡ.’

ಲೋಲಾಕ್ಷಿ ಫೋನ್ ಕಿತ್ಕೊಂಡಳು. ಇಷ್ಟು ವರ್ಷದಲ್ಲಿ ನನಗೆ ಎದುರು ಮಾತಾಡಿದವಳಲ್ಲ. ‘ನೀವು ಸುಮ್ಮನಿರಿ ಅಕ್ಕ. ನಿಮ್ಮ ಯಜಮಾನರು ದಿನಾ ಬೆಲ್ಟು ಬೆಲ್ಟು ಅಂತ ಮಾತಾಡ್ತಾರೆ. ಮಾತಿಲ್ಲದ ಮನೆ ಹೇಗಿರುತ್ತೆ ಅಂತ ನಿಮಗೇನು ಗೊತ್ತು?’ ಅಂದು ಹೊರಟೇಬಿಟ್ಟಳು.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ತಲೆ ಮೇಲಿನ ಹಿಟ್ಟನ್ನೂ ಕೊಡವದೆ ಧರಣೇಶನ ಅಂಗಡಿಗೆ ಹೋದೆ. ಗಲ್ಲಾಪೆಟ್ಟಿಗೆ ಮೇಲೆ ಶಾಲು ಹಾಸಿದ್ದ. ಪಕ್ಕದಲ್ಲಿ ಒಂದು ಸ್ಟೀಲ್ ಬೋಗುಣಿ, ಅದರ ತುಂಬ ಹುಣಸೆನೀರು, ತಳದಲ್ಲಿ ಕಾಸುಗಳು. ಯಾರ್ಯಾರ ಅಮ್ಮನೋ, ಯಾರ್ಯಾರ ಅಪ್ಪನೋ ಅಲ್ಲಿ ನೆನೀತಾ ಬಿದ್ದಿದ್ದರು.

‘ಬನ್ನಿ ಚಿಕ್ಕತಾಯಮ್ಮನೋರೇ, ಫೋನ್ ಕೆಟ್ಟಿತಾ?’

‘ಫೋನ್ ನೆಟ್ಟಗಿದೆ. ಇತಿಹಾಸಪ್ರಿಯ ನೀನೇನೋ? ಕಲಾರಸಿಕನೂ ನೀನೇನಾ, ಇಲ್ಲಾ ನಿನ್ನ ಭಾಮೈದನಾ?’

ಅವನ ಮುಖ ಬಿಳಿಚಿಕೊಂಡಿತು. ‘ಅಮ್ಮ, ಮೆಲ್ಲಗೆ ಮಾತಾಡಿ, ಜನ ಇದ್ದಾರೆ’ ಅಂದ. ‘ನನಗೆ ಮೆಲ್ಲಗೆ ಬರಲ್ಲ ಕಣೋ!’ ಅಂದೆ. ಬಸ್ಸಿಗೆ ಕಾಯ್ತಿದ್ದವರೆಲ್ಲ ತಿರುಗಿ ನೋಡಿದರು.

ಶಾಲಿನ ಮೇಲೆ ಒಂದು ಕಾಸು ಫಳಫಳ ಹೊಳೀತಾ ಕೂತಿತ್ತು. ಎತ್ತಿಕೊಂಡೆ. ಹೆಬ್ಬೆಟ್ಟು ಅಂಚಿಗೆ ತಾಕಿದ್ದೇ ತಡ, ಗೊತ್ತಾಗಿಹೋಯಿತು. ಉಗುರಿನಷ್ಟು ಅಗಲ, ಒಂದು ಪಕ್ಕಕ್ಕೆ ಓರೆ. ಅವತ್ತು ಹೊಸ್ತಿಲ ಮೇಲೆ ಕೂತು ಅಳ್ತಾ ಉಜ್ಜಿದ್ದು. ನನ್ನ ಮರಿದೇವ. ಕಿವಿಗೆ ಹಿಡಿದೆ. ಏನೂ ಇಲ್ಲ. ಇನ್ನೊಂದು ಕಿವಿಗೆ ಹಿಡಿದೆ. ಮಿಲ್ಲಿನ ಸದ್ದಿಗೆ ನನ್ನ ಕಿವಿ ಅರ್ಧ ಹೋಗಿದೆ ನಿಜ, ಆದರೆ ಅಂಗೈಕಾಸು ಕೇಳೋಕೆ ಆ ಕಿವಿ ಬೇಕಾಗಿಲ್ಲ. ಏನೇನೂ ಇರಲಿಲ್ಲ. ನನ್ನ ತಮ್ಮ ಎರಡನೇ ಸಲ ಸತ್ತಿದ್ದ.

‘ಯಾಕೋ ತೊಳೆದೆ?’

‘ಕಪ್ಪಗಿದ್ದರೆ ಹೊರಗಿನೋರು ಮುಟ್ಟಲ್ಲಮ್ಮ. ಹೊಳಪಿದ್ದರೇನೇ ರೇಟು.’

‘ತೊಳೆದರೆ ಮಾತು ಹೋಗುತ್ತೆ ಅಂತ ನಿನಗೆ ಗೊತ್ತಿರಲಿಲ್ವಾ? ಈ ಊರಲ್ಲೇ ಹುಟ್ಟಿದೋನಲ್ವೇನೋ ನೀನು?’

ಅವನು ತಲೆ ಕೆರ್ಕೊಂಡ. ‘ಗೊತ್ತಿತ್ತು. ಆದರೆ ಕೊಳ್ಳೋರಿಗೆ ಹೇಗೂ ಕೇಳಿಸಲ್ಲವಲ್ಲಮ್ಮ’ ಅಂದ.

ಅವನಿಗೆ ಹೊಡೆಯಬೇಕಿತ್ತು. ಹೊಡೆಯಲಿಲ್ಲ, ಕೈಯಲ್ಲಿ ಕಾಸಿತ್ತು. ಸೊಂಟದ ಚೀಲದಿಂದ ಒಂದು ರೂಪಾಯಿ ತೆಗೆದು ಶಾಲಿನ ಮೇಲೆ ಕುಕ್ಕಿದೆ. ‘ಹರಾಜು ನಡೀತಾ ಇದೆ, ಹಾಗೆಲ್ಲ ತಗೊಂಡು ಹೋಗಂಗಿಲ್ಲ’ ಅಂತ ಎದ್ದ. ‘ರೂಪಾಯಿಗೆ ರೂಪಾಯಿ. ಸರಿ ಹೋಯ್ತು. ವಾಪಸ್ ಇಲ್ಲ’ ಅಂದೆ. ಬೋಗುಣಿಯನ್ನೂ ಎತ್ತಿ ಹುಣಸೆನೀರನ್ನ ಅವನ ಬಾಗಿಲಿಗೆ ಸುರಿದು, ಕಾಸುಗಳನ್ನ ಮಡಿಲಿಗೆ ಹಾಕ್ಕೊಂಡು ನಡೆದೆ. ತಡೆಯೋಕೆ ಅವನಿಗೆ ಧೈರ್ಯ ಬರಲಿಲ್ಲ. ಯಾವ ಕಳ್ಳನಿಗೆ ಬರುತ್ತೆ?

ಲೋಲಾಕ್ಷಿಯ ಹಿತ್ತಿಲಿಗೆ ಹೋಗೋ ಹೊತ್ತಿಗೆ ದಲ್ಲಾಳಿ ಹಸುವಿನ ಹಗ್ಗ ಬಿಚ್ತಾ ಇದ್ದ. ‘ಬಿಡೋ ಹಗ್ಗ!’ ಅಂತ ಕೂಗಿದ ರಭಸಕ್ಕೆ ಹಸುವೇ ಬೆದರಿ ಎರಡು ಹೆಜ್ಜೆ ಹಿಂದೆ ಹೋಯಿತು. ಲೋಲಾಕ್ಷಿಯ ಕೈಯಲ್ಲಿ ಕಾಸಿಟ್ಟೆ. ಅವಳು ಅಂಚು ಸವರಿ ನೋಡಿ, ಕಣ್ಣಿಗೊತ್ತಿಕೊಂಡು, ಕಿವಿಗೆ ಹಿಡಿದಳು. ಮುಖದಲ್ಲಿ ನಗು ರೆಡಿ ಇತ್ತು. ಹಾಗೇ ನಿಂತಳು. ಚಂಪಾ ಬಾಗಿಲಲ್ಲಿ ನಿಂತು ಅಮ್ಮನನ್ನೇ ನೋಡ್ತಿದ್ದಳು. ನಗು ಹೋಯಿತು. ‘ಇನ್ನೂ ಕೋಪ ಇಳಿದಿಲ್ಲ ಅಕ್ಕ ಅವರಿಗೆ’ ಅಂದಳು.

‘ಕೋಪ ಅಲ್ಲ ಕಣೇ! ಅವನು ಯಾವತ್ತು ನಿನ್ನ ಮೇಲೆ ಕೋಪ ಮಾಡ್ಕೊಂಡಿದ್ದ? ಮೂಸಿ ನೋಡು!’

ಮೂಸಿದಳು. ಹುಣಸೆಹುಳಿಯ ವಾಸನೆ ಮೂಗಿಗೆ ಬಡಿದಾಗ ಅವಳ ಮುಖ ಹೇಗಾಯಿತು ಅಂತ ನಾನು ಹೇಳಲ್ಲ. ಅಲ್ಲೇ ಸಗಣಿಯ ನೆಲದ ಮೇಲೆ ಕೂತುಬಿಟ್ಟಳು. ಬೀದಿಗೆಲ್ಲ ಕೇಳೋ ಹಾಗೆ ಅತ್ತಳು. ಆಮೇಲೆ ಎದ್ದು, ದಲ್ಲಾಳಿಯ ಕೈಯಿಂದ ಹಗ್ಗ ತಗೊಂಡು ಹಸುವನ್ನ ಗೂಟಕ್ಕೆ ಕಟ್ಟಿದಳು.

ಬೋಗುಣಿಯ ಕಾಸುಗಳನ್ನ ಮಿಲ್ಲಿನ ಮುಂದಿನ ಕಟ್ಟೆ ಮೇಲೆ ಹರಡಿ ಕೂತೆ. ಸುದ್ದಿ ಹಬ್ಬಿತು. ಜನ ಒಬ್ಬೊಬ್ಬರಾಗಿ, ನಾಚ್ಕೊಂಡು, ಮನೆಯ ಮಾತಿಲ್ಲದ ಕಾಸುಗಳನ್ನ ಮುಷ್ಟಿಯಲ್ಲಿ ಮುಚ್ಚಿಟ್ಕೊಂಡು ಬಂದರು. ಪಕ್ಕದ ಮನೆಯ ಟೈಲರ್ ಬೋರಯ್ಯ ಅವರಮ್ಮನ ಕಾಸಿನ ಸಿಟ್ಟು ಇಳೀಲಿ ಅಂತ ಹೆಂಡತಿಯನ್ನೇ ತವರಿಗೆ ಕಳಿಸಿದ್ದನಂತೆ. ಅವನಮ್ಮನ ನಿಜವಾದ ಕಾಸು ನನ್ನ ಕಟ್ಟೆಯ ಮೇಲೆ ಹೊಳೀತಾ, ಮೂಕಾಗಿ ಬಿದ್ದಿತ್ತು. ಗಂಡಸು ಬೀದಿಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತ. ಎಷ್ಟು ಮನೆ ಮುರಿದ ಕಣ್ರೀ ಆ ಒಬ್ಬ!

ಎಲ್ಲಾ ಸೇರಿ ಸ್ಟೇಷನ್ನಿಗೆ ಹೋದೆವು. ಅಲ್ಲಿನ ಸಾಹೇಬರು ಬೇರೆ ಊರಿನವರು. ಪಾಪ, ತಾಳ್ಮೆಯಿಂದ ಒಂದೊಂದೇ ಕಾಸನ್ನ ಕಿವಿಗೆ ಹಿಡಿದು ನೋಡಿದರು. ‘ನನಗೇನೂ ಕೇಳಿಸ್ತಿಲ್ಲವಲ್ಲಮ್ಮ. ಮುಂಚೆ ಮಾತಾಡ್ತಿತ್ತು ಅನ್ನೋದಕ್ಕೆ ಸಾಕ್ಷಿ ಏನು? ರೂಪಾಯಿ ತಗೊಂಡು ರೂಪಾಯಿ ವಾಪಸ್ ಕೊಟ್ಟಿದ್ದಾನೆ ಅಂತೀರಿ, ಏನಂತ ಬರ್ಕೊಳ್ಳಲಿ?’ ಅಂದರು. ಅವರ ಮೇಲೆ ಸಿಟ್ಟು ಮಾಡ್ಕೊಂಡು ಏನು ಬಂತು? ಅವರು ನಮ್ಮ ಮಡಕೆಯದು ಉಂಡವರಲ್ಲ.

ಮೆಟ್ಟಿಲಿಳೀತಾ ಎಲ್ಲರೂ ಸೋತು ಸುಣ್ಣವಾಗಿದ್ದರು. ಆಗ ನನ್ನ ಬಾಯಿಂದ ಬಂತು: ‘ಅವರು ಬರ್ಕೊಳ್ಳದಿದ್ದರೆ ಬೇಡ. ನಮ್ಮ ಕಾಸು ಬರ್ಕೊಳ್ಳುತ್ತೆ. ಇವತ್ತಿನಿಂದ ನಾನು ಏನು ಮಾತಾಡಿದರೂ ಕೊನೆಗೆ ಧರಣೇಶ ಕಳ್ಳ ಅಂತ ಸೇರಿಸ್ತೀನಿ. ಸಾವು ಯಾವಾಗ ಬಂದರೂ ಬರಲಿ, ನನ್ನ ಕಾಸು ಅದನ್ನೇ ಹೇಳಬೇಕು. ನನ್ನ ಮೊಮ್ಮಕ್ಕಳು ಕೇಳಬೇಕು.’ ಬೋರಯ್ಯ ಕಣ್ಣೊರೆಸಿಕೊಂಡು ನನ್ನನ್ನ ನೋಡಿದ. ‘ಸರಿ ಬಿಡಿ ಚಿಕ್ಕತಾಯಮ್ಮ. ಧರಣೇಶ ಕಳ್ಳ’ ಅಂದ.

ಈಗ ನಮ್ಮೂರಿಗೆ ಬಂದರೆ ನಿಮಗೆ ವಿಚಿತ್ರ ಅನ್ನಿಸಬಹುದು. ‘ಎರಡು ಸೇರು ರಾಗಿ ಇದೆ, ನುಣ್ಣಗೆ ಬೀಸಿ, ಧರಣೇಶ ಕಳ್ಳ’ ಅಂತಾರೆ. ‘ಊಟ ಆಯ್ತಾ, ಧರಣೇಶ ಕಳ್ಳ’ ಅಂತಾರೆ. ಹೆಂಗಸರು ಜಗಳ ಆಡುವಾಗಲೂ ಮರೆಯಲ್ಲ. ಮೊನ್ನೆ ಮೇಲಿನ ಬೀದಿಯ ಮುದುಕಿಯೊಬ್ಬಳು ತೀರಿಕೊಂಡಳು, ಮನೆಯವರು ಕಾಸನ್ನ ಕಿವಿಗೆ ಹಿಡಿದು ನೋಡಿ, ‘ಪೂರ್ತಿ ಬಂದಿದೆ’ ಅಂತ ಬಂದು ಹೇಳಿದರು. ಧರಣೇಶ ಒಂದಿನ ಮಿಲ್ಲಿಗೇ ಬಂದ. ಬಡವಾಗಿಹೋಗಿದ್ದ. ‘ನಿಲ್ಲಿಸೋಕೆ ಹೇಳಿ ಅಮ್ಮ. ಅಭ್ಯಾಸಕ್ಕೆ ನನ್ನ ಹೆಂಡತಿನೂ ಅದನ್ನೇ ಅಂತಾಳೆ’ ಅಂದ. ತೊಳೆದ ಕಾಸಿಗೆ ಮಾತು ಬರಿಸಿಕೊಂಡು ಬಾ, ನಿಲ್ಲಿಸ್ತೀವಿ ಅಂದೆ. ಮಿಲ್ಲು ಚಾಲೂ ಮಾಡಿದೆ.

ಊರಿಗೆ ಊರೇ ಹೇಳುತ್ತೆ, ಲೋಲಾಕ್ಷಿ ಒಬ್ಬಳು ಹೇಳಲ್ಲ. ನನಗೆ ಗೊತ್ತಾದದ್ದು ಬೋರಯ್ಯನಿಂದ. ಸಿಟ್ಟು ನೆತ್ತಿಗೇರಿತು. ಬೆಳಗ್ಗೆಯೇ ಅವಳ ಮನೆಗೆ ಹೋದೆ. ಹಾಲು ಕಾಯಿಸಿ ಆಗ ತಾನೇ ಇಳಿಸಿದ್ದಳು. ಚಂಪಾ ಜಡೆ ಹಾಕಿಸ್ಕೊಳ್ಳೋಕೆ ಬಾಚಣಿಗೆ ಹಿಡ್ಕೊಂಡು ಕೂತಿತ್ತು. ‘ಏನೇ, ನಿನ್ನ ಗಂಡನ ಮಾತು ಕೊಂದೋನು ಅವನು. ನಿನಗೆ ಮಾತ್ರ ಅವನ ಮೇಲೆ ಕರುಣೆಯಾ? ಧರಣೇಶ ಕಳ್ಳ’ ಅಂದೆ.

‘ಕರುಣೆ ಎಲ್ಲಿಂದ ಬಂತು ಅಕ್ಕ. ಹಾಲು ಮುಚ್ಚು, ಬೆಕ್ಕು ಬರುತ್ತೆ’ ಅಂದಳು.

ನನಗೆ ಅರ್ಥ ಆಗಲಿಲ್ಲ. ಪಾತ್ರೆ ಕಡೆ ನೋಡಿದೆ. ಅವಳು ಮಗಳ ತಲೆ ಬಾಚ್ತಾ ಹೇಳಿದಳು: ‘ಅವರ ಕಾಸು ಇದ್ದಾಗಲೂ ಇವಳಿಗೆ ಕೇಳಿಸ್ತಿರಲಿಲ್ಲ. ನನ್ನ ಜೊತೆ ಉಂಡಿದ್ದಾಳಲ್ಲ, ನನ್ನ ಕಾಸು ಕೇಳಿಸುತ್ತೆ. ನಾನು ಹೋದ ಮೇಲಾದರೂ ಅಪ್ಪ ಏನು ಹೇಳಿದ್ದರು ಅಂತ ಇವಳು ಕೇಳಲಿ. ಅದರಲ್ಲಿ ಆ ಕಳ್ಳನ ಹೆಸರು ಯಾಕೆ ಅಕ್ಕ? ಹಾಲು ಮುಚ್ಚು, ಬೆಕ್ಕು ಬರುತ್ತೆ.’

ಗೂಡಿನಿಂದ ತಟ್ಟೆ ತೆಗೆದು ಹಾಲಿನ ಪಾತ್ರೆಯ ಮೇಲೆ ಇಟ್ಟೆ. ‘ಮುಚ್ಚಿದೆ ಕಣೋ’ ಅಂದೆ, ನನ್ನ ತಮ್ಮನಿಗೆ. ಚಂಪಾ ನನ್ನನ್ನೇ ನೋಡ್ತಿತ್ತು.

ಹೊಸ್ತಿಲು ದಾಟಿ ಬೀದಿಗೆ ಇಳಿದ ಮೇಲೆ, ಅವರಿಗೆ ಕೇಳಿಸದ ಹಾಗೆ, ‘ಧರಣೇಶ ಕಳ್ಳ’ ಅಂದೆ.